ನಿಪ್ಪಾಣಿಗೆ ಹೋದ ಹೆಪ್ಪು

ಟಪ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಪ್. ಅದರ ಹಿಂದೆಯೇ ಗಾಜಿನ ಚೂರು ಕಲ್ಲಿನ ಮೇಲೆ ಬಿದ್ದ ಸದ್ದು, ಆಮೇಲೆ ಬುಸ್ಸೆಂದು ನೊರೆ ಹರಿಯುವ ಸದ್ದು. ಎಂಬತ್ತರ ದಶಕದ ಮೊದಲ ವರ್ಷಗಳು, ಬೇಸಿಗೆಯ ಮಧ್ಯಾಹ್ನ. ಕುಡಚಿಯ ಹೊರಗಿನ ನಮ್ಮ ತೋಟದ ಮನೆಯಲ್ಲಿ ಎಲ್ಲರೂ ಉಂಡು ಅಡ್ಡಾಗಿರುವಾಗ ಹಿತ್ತಲ ಕೋಣೆಯಲ್ಲಿ ನಮ್ಮ ಬಾಟಲಿಗಳು ತಾವಾಗಿಯೇ ಒಡೆಯುತ್ತಿದ್ದವು. ಪಡಸಾಲೆಯಲ್ಲಿ ಮಲಗಿದ್ದ ನನ್ನ ಗಂಡ ಕಣ್ಣು ತೆರೆಯದೆ, "ಮತ್ತೊಂದು ಹೋತು" ಅನ್ನುತ್ತಿದ್ದರು. ನನ್ನ ಪಕ್ಕದ ಚಾಪೆಯ ಮೇಲೆ ಅಕ್ಕ ಎದ್ದು ಕೂತು, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

"ಏ ಇಂಗ್ಲಿಷ್ ಬಾಯಿ, ನಿನ್ನ ಕೂಸುಗಳು ಎದ್ದಾವ ನೋಡ. ತೊಟ್ಟಲಾ ತೂಗ ಹೋಗ."

ಅಕ್ಕ ಎಂದು ಕರೆಯುತ್ತಿದ್ದೆ, ಆದರೆ ಅವಳು ನನ್ನ ಒಡಹುಟ್ಟಿದವಳಲ್ಲ. ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಆ ಅಣ್ಣನನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದು. ನಾನು ಸೊಸೆಯಾಗಿ ಬರುವ ಹೊತ್ತಿಗಾಗಲೇ ಅವರು ತೀರಿಕೊಂಡಿದ್ದರು. ಮಕ್ಕಳಿಲ್ಲದ ಅಕ್ಕ ಆ ಮನೆಯ ಎಮ್ಮೆ, ಮೊಸರು, ಉಪ್ಪಿನಕಾಯಿ ನೋಡಿಕೊಂಡು ಅಲ್ಲಿಯೇ ಉಳಿದುಬಿಟ್ಟಿದ್ದಳು. ನನಗಿಂತ ಬಹಳ ಹಿರಿಯಳು, ನಗುವಾಗ ಮಾತ್ರ ನನಗಿಂತ ಚಿಕ್ಕವಳು.

ನಾನು ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು. ಫೋರ್ಕು ಎಡಗೈಗೆ, ನೈಫ್ ಬಲಗೈಗೆ ಎಂದು ಕಲಿತು ಕಬ್ಬಿನ ಹೊಲದ ನಡುವಿನ ಮನೆಗೆ ಬಂದೆ. ನಾನು ರೊಟ್ಟಿ ಬಡಿಯಲು ಕೂತರೆ ಓಣಿಯ ಹೆಂಗಸರು ನೋಡಲು ಬರುತ್ತಿದ್ದರು. ನನಗೆ ಚೆನ್ನಾಗಿ ಬರುತ್ತಿದ್ದುದು ಎರಡೇ: ಪಿಯಾನೋದ ಮೇಲೆ ಚರ್ಚಿನ ನಾಲ್ಕು ಹಾಡು, ಮತ್ತು ಜಿಂಜರ್ ಬಿಯರ್. ಪಿಯಾನೋ ಕುಡಚಿಯಲ್ಲಿ ಎಲ್ಲಿ ಬಂತು?

ಜಿಂಜರ್ ಬಿಯರ್ ಕಲಿಸಿದ್ದು ನಮ್ಮ ಬೋರ್ಡಿಂಗಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಮುದಿ ಐರಿಶ್ ಸಿಸ್ಟರ್. ಸ್ಪೋರ್ಟ್ಸ್ ಡೇ ಹತ್ತಿರ ಬಂತೆಂದರೆ ಅವರ ಅಡುಗೆಮನೆಯಲ್ಲಿ ಅದರ ವಾಸನೆ. ಅದಕ್ಕೊಂದು ಜೀವ ಇರುವ ಮಡ್ಡಿ ಬೇಕು. ತುರಿದ ಹಸಿಶುಂಠಿ, ಸಿಹಿ, ನೀರು ಇವು ಭರಣಿಯಲ್ಲಿ ಕೂತು ತಾವೇ ಹುಳಿತು ಗುಳ್ಳೆ ಬಿಡಲು ಶುರು ಮಾಡಬೇಕು. ಅದಕ್ಕೆ ದಿನವೂ ಒಂದು ಚಮಚ ಶುಂಠಿ, ಒಂದು ಚಮಚ ಸಿಹಿ ಉಣಿಸಬೇಕು. ಅದರಲ್ಲಿ ಸ್ವಲ್ಪ ತೆಗೆದು ಶುಂಠಿ, ಲಿಂಬೆಯ ಪಾನಕಕ್ಕೆ ಬೆರೆಸಿ ಬಾಟಲಿಗೆ ತುಂಬಿ ಬಿರಡೆ ಬಿಗಿದರೆ ಒಳಗೊಳಗೇ ಗ್ಯಾಸು ಕಟ್ಟುತ್ತದೆ. ಸಿಸ್ಟರ್ ಆ ಮಡ್ಡಿಗೆ 'ಮೈ ಪ್ಲಾಂಟ್' ಅನ್ನುತ್ತಿದ್ದರು. ಅಕ್ಕ ಅದನ್ನು ನೋಡಿದ ದಿನದಿಂದ ಹೆಪ್ಪು ಅಂದಳು. ನಮ್ಮಲ್ಲಿ ಹಾಲನ್ನು ಮೊಸರು ಮಾಡುವುದಕ್ಕೆ ಹಾಕುವುದೂ ಹೆಪ್ಪೇ ಅಲ್ಲವೇ.

ಮೊದಲ ಸಲ ನಾನು ಸಕ್ಕರೆ ಹಾಕಿ ಇಟ್ಟ ಹೆಪ್ಪು ಒಂದು ವಾರವಾದರೂ ಸುಮ್ಮನೆ ಕೂತಿತ್ತು. ಇಬ್ಬರೂ ಭರಣಿಯ ಬಾಯಿಗೆ ಮೂಗಿಟ್ಟು ನೋಡಿದೆವು. "ಬೆಲ್ಲ ಹಾಕಿ ನೋಡೂಣೇನ?" ಎಂದಳು ಅಕ್ಕ. "ಬಿಸಿ ಬೇಕಾಗಿರಬೇಕು" ಎಂದೆ ನಾನು. ಬೆಲ್ಲ ಹಾಕಿ, ಒಲೆಯ ಮಗ್ಗುಲಿಗೆ ಒಯ್ದು ಇಟ್ಟೆವು. ಮೂರನೆಯ ಬೆಳಗು ಅದು ಉಸಿರಾಡುತ್ತಿತ್ತು. ಬೆಲ್ಲದಿಂದ ಜೀವ ಬಂತೋ ಬಿಸಿಯಿಂದಲೋ ಎಂದು ನಾವು ವರ್ಷಗಟ್ಟಲೆ ಜಗಳವಾಡಿದೆವು.

ಮೊದಲ ಬಾಟಲಿ ತೆರೆದು ಕುಡಿದು ಅಕ್ಕ ದೊಡ್ಡದೊಂದು ತೇಗು ತೇಗಿದಳು.

"ಇದಕ್ಕ ಏನಂತಾರ ನಿಮ್ಮ ಸಿಸ್ಟರ್?"

"ಜಿಂಜರ್ ಬಿಯರ್."

"ಬಿಯರ್ ಅಂದ್ರ ಸೆರೆ ಅಲ್ಲೇನ? ಅಯ್ ಹುಚ್ಚಿ, ಮುಂಡಿಗೆ ಸೆರೆ ಕುಡಿಸಿದ್ಯಲ್ಲ!" ಎಂದು ನಕ್ಕು, ಗಿಲಾಸು ಮತ್ತೆ ಮುಂದೆ ಚಾಚಿದಳು. "ಹೆಂಗೂ ಕೆಟ್ಟಾತು. ಇನ್ನಷ್ಟ ಹಾಕ."

ಹಾರೂಗೇರಿಯಲ್ಲಿ ನೆಂಟರ ಮದುವೆಯೊಂದಕ್ಕೆ ನಾವು ಮಾಡಿ ಒಯ್ದದ್ದು ಊಟಕ್ಕೆ ಮೊದಲೇ ಖಾಲಿಯಾಯಿತು. ಕುಡಚಿ ಸ್ಟೇಷನ್ನಿನ ಎದುರು ಸೋಡಾ ಅಂಗಡಿ ಇಟ್ಟಿದ್ದ ಮುಸ್ಲಿಂ ಮುದುಕರೊಬ್ಬರು, ಊರೆಲ್ಲ ಚಾಚಾ ಎನ್ನುತ್ತಿದ್ದವರು, ಆ ಮದುವೆಯಲ್ಲಿ ಒಂದು ಗಿಲಾಸು ಕುಡಿದು ಮರುದಿನ ನಮ್ಮ ಅಂಗಳಕ್ಕೆ ಬಂದರು. "ಬೇಟಿ, ಅದು ನನಗ ಕೊಡ್ರಿ. ಮಿರಜ್ ಗಾಡಿಯಾಗ ಬರೋ ಮಂದಿಗೆ ಕುಡಸ್ತೀನಿ. ಖಾಲಿ ಬಾಟ್ಲಿ ನಾ ಹೊಂದಸ್ತೀನಿ." ಅವರು ಹೊಂದಿಸಿದ ಬಾಟಲಿಗಳು ಏನೇನು! ಔಷಧದ್ದು, ಸರಬತ್ತಿನದ್ದು, ಅಸಲಿ ಬಿಯರಿನದ್ದು. ಅವನ್ನು ಸೀಗೆಪುಡಿ ಹಾಕಿ ತೊಳೆಯುವುದಕ್ಕೇ ಇಬ್ಬರು ಹೆಂಗಸರು ಬೇಕಾದರು. ಮಿರಜದಿಂದ ಬಾಟಲಿಯ ಬಾಯಿಗೆ ಕೈಯಲ್ಲಿ ಒತ್ತಿ ತಗಡಿನ ಬಿಲ್ಲೆ ಬಿಗಿಯುವ ಮಷೀನು ಬಂತು. ಬಾಳೆಯ ತೋಟದ ಪಕ್ಕ ತಗಡಿನ ಶೆಡ್ಡು ಬಂತು. ನನ್ನ ಗಂಡ, ಮೊದಲು ಮಲಗಿದಲ್ಲಿಂದಲೇ ಬಾಟಲಿ ಎಣಿಸುತ್ತಿದ್ದವರು, ಈಗ ಮೋಟರ್‌ಸೈಕಲ್ಲಿನ ಹಿಂದೆ ಕ್ರೇಟು ಕಟ್ಟಿಕೊಂಡು ರಾಯಬಾಗ, ಕಾಗವಾಡ ಅಂತ ತಿರುಗತೊಡಗಿದರು.

ಶೆಡ್ಡು ದೊಡ್ಡದಾಯಿತು. ಭರಣಿ ಮಾತ್ರ ಒಂದೇ. ಅದನ್ನು ಮುಟ್ಟುವ ಕೈಯೂ ಒಂದೇ. ಪಾನಕದ ಅಳತೆ, ಲಿಂಬೆ, ಎಷ್ಟು ದಿನ ಇಡಬೇಕು ಎನ್ನುವುದೆಲ್ಲ ನನ್ನ ಡಿಪಾರ್ಟ್‌ಮೆಂಟು. ಹೆಪ್ಪು ಅಕ್ಕನದು. ಬೆಳಿಗ್ಗೆ ಎದ್ದು ಯಾರ ಜೊತೆಯೂ ಮಾತಾಡದೆ, ಮುಖ ತೊಳೆದು ವಿಭೂತಿ ಹಚ್ಚಿಕೊಂಡು, ಅರಿವೆ ಸರಿಸಿ ಅದಕ್ಕೆ ಉಣಿಸುತ್ತಿದ್ದಳು. ಉಣಿಸಿ ಆಗುವವರೆಗೆ ಮನೆ ಹೊತ್ತಿ ಉರಿದರೂ ಅವಳ ಬಾಯಿಂದ ಮಾತು ಬರುತ್ತಿರಲಿಲ್ಲ. ಆಮೇಲೆ ದಿನವಿಡೀ ನಿಲ್ಲುತ್ತಿರಲಿಲ್ಲ.

ಒಂದು ದಿನ ಅಬಕಾರಿ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದಿಳಿದರು. ಲೇಬಲ್ಲಿನ ಮೇಲೆ ಬಿಯರ್ ಅಂತ ಇದೆಯಂತೆ, ಯಾರೋ ಹೇಳಿದ್ದಾರೆ. ನಾನು ಗಾಬರಿಯಾಗಿ ಇಂಗ್ಲಿಷಿನಲ್ಲಿ ಎಕ್ಸ್‌ಪ್ಲೇನ್ ಮಾಡತೊಡಗಿದೆ. ಅದರಿಂದ ಅವರ ಸಂಶಯ ಇನ್ನೂ ಹೆಚ್ಚಾಯಿತು. ಅಕ್ಕ ಒಂದು ತಣ್ಣನೆಯ ಬಾಟಲಿ ತಂದು ಅವರ ಕೈಗಿಟ್ಟಳು.

"ಇದರಾಗ ನಿಶಾ ಇಲ್ಲೇನವಾ?" ಅವರು ಕುಡಿದು, ಮೀಸೆ ಒರೆಸಿಕೊಂಡು ಕೇಳಿದರು.

"ನಿಶಾ ಬೇಕಾದ್ರ ಇನ್ನೊಂದೆರಡು ಕುಡೀರಿ ಸಾಹೇಬ್ರ. ಹೊಟ್ಟಿ ಉಬ್ಬಿ ನಿದ್ದಿ ಬರ್ತೈತಿ. ಜೀಪ ನಾವ ದಬ್ಬಿ ಕಳಸ್ತೀವಿ."

ಸಾಹೇಬರು ನಕ್ಕುಬಿಟ್ಟರು. ಲೇಬಲ್ ಬದಲಿಸಿ ಎಂದು ಹೇಳಿ ಹೋದರು. ನಾವು 'ಶುಂಠಿ ಪಾನಕ' ಎಂದು ಬರೆಸಿದೆವು. ಆದರೆ ಜನರ ಬಾಯಲ್ಲಿ ಅದು ಬಿಯರಾಗಿಯೇ ಉಳಿಯಿತು.

ನಿಪ್ಪಾಣಿಯ ಮಾತು ಎತ್ತಿದವರು ನನ್ನ ಗಂಡ. ಅವರ ಲೆಕ್ಕ ತಪ್ಪಾಗಿರಲಿಲ್ಲ. ಪುಣೆ–ಬೆಂಗಳೂರು ರಸ್ತೆಯ ಹೋಟೆಲ್ಲುಗಳಿಂದ ಬೇಡಿಕೆ ಬರುತ್ತಿತ್ತು. ನಮ್ಮ ಬಾಟಲಿಗಳು ರಾಯಬಾಗ, ಚಿಕ್ಕೋಡಿ ದಾಟಿ ಅಲ್ಲಿ ಮುಟ್ಟುವಷ್ಟರಲ್ಲಿ, ಕಬ್ಬಿನ ಗಾಡಿಗಳು ಅಗೆದಿಟ್ಟ ರಸ್ತೆಯ ಮೇಲೆ ಕುಲುಕಿ ಕುಲುಕಿ ಅರ್ಧ ದಾರಿಯಲ್ಲೇ ಸಿಡಿಯುತ್ತಿದ್ದವು. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿಯೊಬ್ಬರ ವಖಾರಿ, ಹಳೆಯ ಗೋದಾಮು, ಖಾಲಿ ಬಿದ್ದಿತ್ತು. ಎತ್ತರದ ಗೋಡೆ, ತಂಪು, ಬಾಗಿಲಿಗೇ ಲಾರಿ ಬರುತ್ತದೆ. ಮೂಗು ಸುಡುವ ತಂಬಾಕಿನ ಘಾಟು ಮಾತ್ರ. ಸುಣ್ಣ ಹೊಡೆದರೆ ಹೋಗುತ್ತದೆ ಎಂದರು.

ಅಕ್ಕ ಒಲ್ಲೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಜೋಳ ಹಸನು ಮಾಡುತ್ತಾ ಕೂತಿದ್ದವಳು ತಲೆ ಎತ್ತದೆ ಕೇಳಿದಳು: "ನಿಪ್ಪಾಣ್ಯಾಗ ನಮ್ಮನ್ನ ಬಲ್ಲವರು ಯಾರರ ಅದಾರೇನ?"

"ಯಾರೂ ಇಲ್ಲ. ಅಲ್ಲಿ ಎಲ್ಲಾ ಮರಾಠಿ ಮಂದಿ."

"ಛಲೋ ಆತು," ಎಂದಳು.

ಆ 'ಛಲೋ ಆತು' ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಗಂಡಸರು ಬಿತ್ತಲು ಹೋಗುವ ಬೆಳಿಗ್ಗೆ ಅಕ್ಕ ಬಾಗಿಲ ಹಿಂದೆ ನಿಲ್ಲುತ್ತಿದ್ದಳು, ಎತ್ತುಗಳು ಅಂಗಳ ದಾಟಿದ ಮೇಲೆಯೇ ಹೊರಗೆ ಬರುತ್ತಿದ್ದಳು. ಯಾರೂ ಹೇಳಬೇಕಾಗಿರಲಿಲ್ಲ. ಮದುವೆಗಳಲ್ಲಿ ನಮ್ಮ ಪಾನಕ ಪಂಕ್ತಿಯ ಮಧ್ಯೆ ತಿರುಗುತ್ತಿತ್ತು, ಮಾಡಿದವಳು ಅಡುಗೆಯ ಚಪ್ಪರದ ಹಿಂದೆ ಇರುತ್ತಿದ್ದಳು. ಬೆಳಿಗ್ಗೆ ನೀರಿಗೆ ಹೊರಟು ಎದುರು ಯಾರಾದರೂ ಬಂದರೆ ತಾನೇ ಬೇಲಿಗೆ ಸರಿದು ಮುಖ ತಿರುಗಿಸುತ್ತಿದ್ದಳು. ಇಷ್ಟು ವರ್ಷ ನಗುನಗುತ್ತಲೇ ಮಾಡಿದ್ದಳು. ನಿಪ್ಪಾಣಿಯಲ್ಲಿ ಅವಳು ಯಾರ ಹೆಂಡತಿಯಾಗಿದ್ದಳು ಎಂದು ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿ ಅವಳು ಬರೀ ಪಾನಕ ಮಾಡುವವಳು.

ಆಮೇಲೆ ಅವಳ ಉತ್ಸಾಹ ನೋಡಬೇಕಿತ್ತು! ನನ್ನ ಗಂಡ ನೆಲದ ಮೇಲೆ ಇದ್ದಿಲಿನಿಂದ ವಖಾರಿಯ ಪ್ಲ್ಯಾನ್ ಬರೆದು ತೋರಿಸಿದರು. ಇಲ್ಲಿ ಒಲೆ, ಇಲ್ಲಿ ತೊಳೆಯುವ ಜಾಗ. "ನನ್ನ ಖೋಲಿ ಬೀದಿ ಕಡೆ ಇರ್ಲಿ ತಮ್ಮಾ," ಎಂದಳು. "ಮಂದಿ ಅಡ್ಡಾಡೂದು ಕಾಣಬೇಕ." ಅಥಣಿಗೆ ಹೋಗುವವರ ಕೈಯಲ್ಲಿ ತನ್ನ ಕಾಲಿನ ಅಳತೆಯ ದಾರ ಕಳಿಸಿ ಒಂದು ಜೋಡಿ ಚಪ್ಪಲಿ ತರಿಸಿಕೊಂಡಳು. ಕರ್ ಕರ್ ಅನ್ನುವ ಹೊಸ ತೊಗಲು. ಎಣ್ಣೆ ಹಚ್ಚಿ ಹಚ್ಚಿ ಮೆದು ಮಾಡಿದಳು, ಆದರೆ ಮೆಟ್ಟಲಿಲ್ಲ. "ಹೊಲದಾಗ ಯಾಕ ಮೆಟ್ಟಲಿ? ಇವು ನಿಪ್ಪಾಣಿಯವು."

ಹೊರಟ ದಿನ ಸಾಮಾನೆಲ್ಲ ಲಾರಿಯ ಹಿಂದೆ ಹೋಯಿತು. ಭರಣಿ ಹೋಗಲಿಲ್ಲ. ಅದನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಅಕ್ಕ ತೊಡೆಯ ಮೇಲಿಟ್ಟುಕೊಂಡು ಕ್ಯಾಬಿನ್ನಿನಲ್ಲಿ ನನ್ನ ಪಕ್ಕ ಕೂತಳು. ನನ್ನ ಗಂಡ ಮೋಟರ್‌ಸೈಕಲ್ಲಿನಲ್ಲಿ ಮುಂದೆ ಹೋಗಿದ್ದರು. ಲಾರಿ ತಗ್ಗಿಗೆ ಇಳಿದಾಗಲೆಲ್ಲ ಅವಳು ಭರಣಿಯನ್ನು ಅಷ್ಟೆತ್ತರ ಎತ್ತಿ ಹಿಡಿಯುತ್ತಿದ್ದಳು, ಡ್ರೈವರನನ್ನು ಬೈಯುತ್ತಿದ್ದಳು. "ಸಾವಕಾಶ ಹೊಡೀಲೇ ಮಾರ್ತಾಂಡ, ಬಸರ ಹೆಂಗಸನ್ನ ಒಯ್ಯಾಕತ್ತಿ!" ಡ್ರೈವರ್ ಯಾರು ಬಸುರಿ ಎಂದು ನಮ್ಮಿಬ್ಬರನ್ನೂ ತಿರುಗಿ ನೋಡಿದ. ನಾವು ಚಿಕ್ಕೋಡಿ ಬರುವವರೆಗೆ ನಕ್ಕೆವು. ಚಿಕ್ಕೋಡಿಯಲ್ಲಿ ಚಹಾ ಕುಡಿಯಲು ಇಳಿದಾಗ ಅವಳು ಚಪ್ಪಲಿ ಮೆಟ್ಟಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ವಖಾರಿಯ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಒಳಗೆ ಹೊಗೆ, ಜನ. ವಾಸ್ತುಶಾಂತಿಗೆಂದು ನನ್ನ ಗಂಡನ ಸೋದರತ್ತೆ ಅಥಣಿಯಿಂದ ನೆಂಟರನ್ನು ಕಟ್ಟಿಕೊಂಡು ಮೊದಲೇ ಬಂದಿಳಿದಿದ್ದರು. ನಮ್ಮ ಮನೆತನದಲ್ಲಿ ಬದುಕಿದ್ದ ಹಿರಿಯ ಜೀವ ಅವರೊಬ್ಬರೇ. ಯಾರೂ ಅವರಿಗೆ ಎದುರಾಡುತ್ತಿರಲಿಲ್ಲ. ನಮ್ಮನ್ನು ಬಲ್ಲವರಿಲ್ಲದ ಊರಿಗೆ ನಮ್ಮವರೆಲ್ಲ ನಮಗಿಂತ ಮುಂಚೆ ಬಂದು ನಿಂತಿದ್ದರು.

ಅಕ್ಕ ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟಳು. ಭರಣಿಯನ್ನು ಎದೆಗೊತ್ತಿ ಹಿಡಿದು ಬಲಗಾಲು ಎತ್ತಿದಳು.

"ನಿಂದರ ವಾ ನಿಂದರ!" ಅತ್ತೆ ಒಳಗಿನಿಂದ ಕೂಗಿದರು. "ಹೊಸಾ ಜಾಗಾ, ಹೆಪ್ಪು ಮೊದಲ ಒಳಗ ಬರೂದು ಮುತ್ತೈದಿ ಕೈಲೆ ಆಗಬೇಕ. ಅಷ್ಟೂ ತಿಳಿಯೂದಿಲ್ಲೇನ?"

ಎತ್ತಿದ ಕಾಲನ್ನು ಅಕ್ಕ ಹಿಂದಕ್ಕೆ ಇಟ್ಟಳು.

"ಅತ್ಯಾ, ಅದು ಆಕಿ ಕೈಯಾಗ ಬೆಳದದ್ದರಿ," ಎಂದೆ. "ಆಕೀನ ಒಳಗ ಒಯ್ಯಲಿ."

"ನೀ ಇದ್ದೀಯಲ್ಲ. ನೀ ತಗೋ."

"ನಾ ತಗೊಳ್ಳೂದಿಲ್ಲ."

"ತಗೊಳ್ಳೂದಿಲ್ಲ ಅಂದ್ರ? ಮುಹೂರ್ತ ಹೋಗಾಕತ್ತೈತಿ!"

ನನಗೆ ಸಿಟ್ಟು ಬಂದರೆ ಕನ್ನಡ ಕೈಕೊಡುತ್ತದೆ. "ಇಟ್ ಈಸ್ ಹರ್ಸ್!" ಎಂದು ಕಿರುಚಿದೆ. "ಇಟ್ ಈಸ್ ಹರ್ ವರ್ಕ್, ಇಟ್ ಈಸ್ ಹರ್ ಹೌಸ್!" ಅಥಣಿಯ ನೆಂಟರು ನನ್ನ ಬಾಯಿ ನೋಡಿದರು. ಅರ್ಥವಾದ ಒಬ್ಬರೇ ಒಬ್ಬರೆಂದರೆ ನನ್ನ ಗಂಡ. ಅವರು ತೋರಣದ ಎಲೆ ಸರಿಮಾಡುತ್ತಾ ನಿಂತರು.

"ಇರ್ಲಿ ಬಿಡ ತಂಗಿ," ಎಂದಳು ಅಕ್ಕ ಮೆಲ್ಲಗೆ. "ಶುಭ ಕೆಲಸದಾಗ ಜಗಳ ಬ್ಯಾಡ." ಸುತ್ತಿದ್ದ ಒದ್ದೆ ಅರಿವೆ ತೆಗೆದು, ಅತ್ತೆ ಹೊಸ್ತಿಲ ಆಚೆಯಿಂದ ಚಾಚಿದ ಕೈಗಳಿಗೆ ಭರಣಿ ಕೊಟ್ಟಳು. ಆ ಕೈ ತುಂಬ ಹಸಿರು ಬಳೆ. "ಸಾವಕಾಶ ಹಿಡೀರಿ. ತುಂಬೈತಿ."

ಎಲ್ಲರೂ ಒಳಗೆ ಹೋಗಿ ಆದ ಮೇಲೆ ಆಕೆಯೂ ಬರಲಿ ಎಂದು ಅತ್ತೆ ಒಳಗಿನಿಂದಲೇ ಹೇಳಿದರು. ದೊಡ್ಡ ಉಪಕಾರ. ನಾನು ಒಳಗೆ ಹೋಗಿ, ಭರಣಿಯನ್ನು ಎಲ್ಲಿಡುತ್ತಾರೆ ನೋಡಿ, ಅಕ್ಕನನ್ನು ಕರೆಯಲು ಹೊರಗೆ ಬಂದರೆ ಹೊಸ್ತಿಲ ಮುಂದೆ ಚಪ್ಪಲಿ ಇರಲಿಲ್ಲ. ಲಾರಿಯ ಸಾಮಾನು ಇಳಿದು ಮುಗಿದಿತ್ತು. ಅವಳು ಕ್ಯಾಬಿನ್ನಿನಲ್ಲಿ ಕೂತಿದ್ದಳು, ತೊಡೆಯ ಮೇಲೆ ಬರಿಯ ಒದ್ದೆ ಅರಿವೆ.

"ನಾ ಇದ ಗಾಡ್ಯಾಗ ಹೊಳ್ಳಿ ಹೋಗ್ತೀನಿ. ಎಮ್ಮಿ ಈಯೂದೈತಿ."

ಯಾವ ಎಮ್ಮೆಯೂ ಈಯುವುದಿರಲಿಲ್ಲ. ಅದು ನನಗೆ ಗೊತ್ತಿತ್ತು, ನನಗೆ ಗೊತ್ತೆಂದು ಅವಳಿಗೂ ಗೊತ್ತಿತ್ತು. ನಾನು ಲಾರಿಯ ಬಾಗಿಲು ಹಿಡಿದುಕೊಂಡು ಅತ್ತುಬಿಟ್ಟೆ. ಅತ್ತೆ ನಾಳೆ ಹೋಗಿಬಿಡುತ್ತಾರೆ, ಆಮೇಲೆ ಇಲ್ಲಿ ನಾವೇ ನಾವು ಎಂದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು.

"ಇಷ್ಟು ದೂರ ಬಂದೆ. ಹಿಂದ ಬಿಟ್ಟ ಬಂದೀನಿ ಅಂದ್ಕೊಂಡಿದ್ದೆ. ನನ್ನ ಮುಂಡಿತನ ನನ್ನಕಿಂತ ಮೊದಲ ಇಳದ ಬಿಟ್ಟೈತಲ್ಲ ಗಾಡಿಯಿಂದ."

ಈ ಸಲ ಅವಳು ನಗಲಿಲ್ಲ. ಡ್ರೈವರನಿಗೆ ಹೊಡಿ ಎಂದಳು.

ಒಳಗೆ ಅತ್ತೆ ಭರಣಿಯನ್ನು ಕಲಶ ಮಾಡಿದ್ದರು. ಬಾಯಿಗೆ ಕಟ್ಟಿದ್ದ ಅರಿವೆ ಬಿಚ್ಚಿ, ಅದರೊಳಗೆ ಅರಿಶಿನ, ಕುಂಕುಮ, ಅಡಿಕೆ, ಒಂದು ನಾಣ್ಯ ಹಾಕಿ, ಬಾಯಿಗೆ ವೀಳ್ಯದೆಲೆ ಜೋಡಿಸಿ, ಮೇಲೊಂದು ತೆಂಗಿನಕಾಯಿ ಇಟ್ಟು, ಕಂಠಕ್ಕೆ ನೂಲು ಸುತ್ತಿ ಅಕ್ಕಿಯ ಮೇಲೆ ಕೂರಿಸಿದ್ದರು. ಸುತ್ತ ಊದಿನಕಡ್ಡಿ, ಕರ್ಪೂರ. ವ್ಯಾಪಾರಕ್ಕೆ ಮೂಲ ಆ ಹೆಪ್ಪೇ ತಾನೇ, ಪೂಜೆ ಅದಕ್ಕೇ ಆಗಬೇಕು ಎಂದು ಅವರ ಭಾವ. ಕೂರಿಸಿದ ಕಲಶವನ್ನು ಮೂರು ದಿನ ಕದಲಿಸುವಂತಿಲ್ಲ.

"ಅತ್ಯಾ, ಅದಕ್ಕ ನಾಳಿ ಉಣಸಬೇಕರಿ. ಅದರಾಗ ಜೀವ ಐತಿ."

"ಜೀವ ಐತಿ ಅಂತನ ಪೂಜಿ ಮಾಡಾಕತ್ತೀವಿ," ಎಂದರು. ಅವರು ಕೆಟ್ಟವರಾಗಿರಲಿಲ್ಲ. ನಮ್ಮ ಹೆಪ್ಪಿಗೆ ಅವರು ಕೊಟ್ಟಷ್ಟು ಮರ್ಯಾದೆ ಬೇರೆ ಯಾರೂ ಕೊಟ್ಟಿರಲಿಲ್ಲ.

ಮೂರನೆಯ ದಿನ ಕಾಯಿ ತೆಗೆದಾಗ ಭರಣಿಯೊಳಗೆ ಕೆಂಪಗಿನ ನೀರು ಅಲುಗಾಡದೆ ನಿಂತಿತ್ತು. ಒಂದು ಗುಳ್ಳೆ ಇಲ್ಲ. ಬಾಟಲಿ ತೊಳೆಯಲು ನಾವು ಗೊತ್ತುಮಾಡಿದ್ದ ನಿಪ್ಪಾಣಿಯ ಹೆಂಗಸು, ತಂಬಾಕಿನ ವಖಾರಿಗಳಲ್ಲಿ ದುಡಿದವಳು, ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡಳು. "ವೈನೀ, ಹೇ ಮೇಲಂಯ್," ಎಂದಳು. ಸತ್ತಿದೆ, ಎಂದಳು. ನಾನು ಹೊಸ ಭರಣಿಯಲ್ಲಿ ಬೆಲ್ಲ, ಶುಂಠಿ ಹಾಕಿ ಒಲೆಯ ಪಕ್ಕ ಇಟ್ಟು ಮತ್ತೆ ಮತ್ತೆ ಪ್ರಯತ್ನಿಸಿದೆ. ಸುಣ್ಣ ಹೊಡೆದರೂ ಆ ಗೋಡೆಗಳು ತಂಬಾಕಿನ ಘಾಟನ್ನೇ ಉಸಿರಾಡುತ್ತಿದ್ದವು. ಏನೂ ಜೀವ ಹಿಡಿಯಲಿಲ್ಲ.

ಕೊನೆಗೆ ನನ್ನ ಗಂಡ ಊರಿಗೆ ಹೋದರು, ಅಕ್ಕನನ್ನು ಕರೆತಂದು ಅವಳ ಕೈಯಿಂದಲೇ ಹೊಸ ಹೆಪ್ಪು ಹಾಕಿಸುತ್ತೇನೆ ಎಂದು. ಹಳೆಯ ಶೆಡ್ಡಿನಲ್ಲಿ ಹೆಪ್ಪು ಸೋಸುತ್ತಿದ್ದ ಗಡಿಗೆಯೊಂದನ್ನು ಅಕ್ಕ ತೊಳೆಯದೇ ಇಟ್ಟಿದ್ದಳಂತೆ. ಅದರ ತಳದ ಕರೆಯಿಂದಲೇ ಮತ್ತೆ ಎಬ್ಬಿಸಿದ್ದಳು. ಒಂದು ಸ್ಟೀಲಿನ ಡಬ್ಬಿ ತುಂಬ ಕೊಟ್ಟಳು. ಅತ್ತಿಗೆಯನ್ನು ವೈನಿ ಎಂದೇ ಕರೆಯುತ್ತಿದ್ದ ಇವರು ಬಾ ವೈನಿ ಎಂದು ಕಾಲಿಗೆ ಬಿದ್ದರೂ, "ಹೆಪ್ಪು ಒಯ್ಯಿ ತಮ್ಮಾ. ನನ್ನ ಕೇಳಬ್ಯಾಡ" ಎಂದಳಂತೆ. ಅಷ್ಟನ್ನು ನನಗೆ ಹೇಳಿ ಇವರು ಬಹಳ ಹೊತ್ತು ಮೋಟರ್‌ಸೈಕಲ್ಲು ಒರೆಸಿದರು.

ಹೀಗೆ ಶುರುವಾಯಿತು ಡಬ್ಬಿಯ ಪ್ರಯಾಣ. ನಿಪ್ಪಾಣಿಯಲ್ಲಿ ಹೆಪ್ಪು ಕೆಲವು ವಾರ ಬಾಳಿ, ಸೊರಗಿಬಿಡುತ್ತಿತ್ತು. ನಾನು ಖಾಲಿಯಾದ ಡಬ್ಬಿಯನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೆ. ನಮ್ಮಲ್ಲಿ ಡಬ್ಬಿಯನ್ನು ಖಾಲಿ ಕಳಿಸಬಾರದು, ಆದ್ದರಿಂದ ಅದರಲ್ಲಿ ಒಂದಿಷ್ಟು ಚಹಾಪುಡಿ, ಬಿಸ್ಕೀಟು, ಒಮ್ಮೆ ಎಲಾಸ್ಟಿಕ್ ರಿಬ್ಬನ್ನು. ಎರಡು ದಿನ ಬಿಟ್ಟು ಡಬ್ಬಿ ಚಿಕ್ಕೋಡಿ ಮೇಲೆ ಹಾಯ್ದು ಹೆಪ್ಪು ತುಂಬಿಕೊಂಡು ಮರಳುತ್ತಿತ್ತು. ಗ್ಯಾಸಿಗೆ ಮುಚ್ಚಳ ಹಾರಬಾರದೆಂದು ಅವಳು ಹಳೆಯ ಸೀರೆಯ ಅಂಚಿನಿಂದ ಬಿಗಿದಿರುತ್ತಿದ್ದಳು. ಆ ಗಂಟು ಬಿಚ್ಚುವುದು ಒಂದು ಕೆಲಸ. ಯಾರ ಕೈಗೂ ಕೊಡದೆ ನಾನೇ ಬಿಚ್ಚುತ್ತಿದ್ದೆ.

ನಾನು ಊರಿಗೆ ಹೋದಾಗಲೆಲ್ಲ ಅವಳು ಕಡಲೆಹಿಟ್ಟಿನ ಝುಣಕ ಮಾಡುತ್ತಿದ್ದಳು, ಎಮ್ಮೆಯ ಸುದ್ದಿ, ಚಾಚಾರ ಮೊಣಕಾಲಿನ ಸುದ್ದಿ ಹೇಳುತ್ತಿದ್ದಳು. ನಿಪ್ಪಾಣಿಯ ಮಾತು ಬಂದರೆ ಎದ್ದು ಒಲೆಗೆ ಕಟ್ಟಿಗೆ ಹಾಕಲು ಹೋಗುತ್ತಿದ್ದಳು. ವಖಾರಿಯಲ್ಲಿ ಬೀದಿ ಕಡೆಯ ಖೋಲಿಗೆ ನಾನು ಮಂಚ ಹಾಕಿಸಿ, ಹಾಸಿಗೆ ಹಾಸಿ ಇಟ್ಟಿದ್ದೆ. ಹೇಳಿದೆ ಕೂಡ. "ಅದರಾಗ ಬಾಟ್ಲಿ ಇಡ. ಜಾಗಾ ಯಾಕ ಕೆಡಸ್ತಿ," ಎಂದಳು.

ತೊಂಬತ್ತರ ದಶಕ ಬಂತು. ನಮ್ಮ ಪಾನಕ ಸಂಕೇಶ್ವರದವರೆಗೆ, ಕೊಲ್ಹಾಪುರದವರೆಗೆ ಹೋಗುತ್ತಿತ್ತು. ಅಷ್ಟರಲ್ಲಿ ದೊಡ್ಡ ಕಂಪನಿಗಳ ಕೋಲಾ ಲಾರಿಗಳು ಹೈವೇ ಹೋಟೆಲ್ಲುಗಳಿಗೆ ಪುಕ್ಕಟೆ ಐಸ್ ಪೆಟ್ಟಿಗೆ ಇಳಿಸುತ್ತಾ ಬಂದವು. ಅವರ ಬಾಟಲಿಗಳು ಒಡೆಯುತ್ತಿರಲಿಲ್ಲ. ಇವತ್ತಿನ ರುಚಿಯೇ ನಾಳೆಯೂ ಇರುತ್ತಿತ್ತು. ನಮ್ಮದು ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಇನ್ನೊಂದು. ನನ್ನ ಗಂಡ ಗ್ಯಾಸು ತುಂಬುವ ಮಷೀನು ತರಿಸಿದರು. ನೀರು, ಸಕ್ಕರೆ, ಶುಂಠಿಯ ಎಸೆನ್ಸು, ಸಿಲಿಂಡರಿನ ಗ್ಯಾಸು. ಬೆಳಿಗ್ಗೆ ಕಲಸಿದ್ದು ಮಧ್ಯಾಹ್ನ ಲಾರಿ ಹತ್ತುತ್ತಿತ್ತು. ಯಾವುದಕ್ಕೂ ಉಣಿಸಬೇಕಾಗಿರಲಿಲ್ಲ. ನಾನು ಬೇಡ ಎಂದೆ. ಅವರು, "ವೈನಿ ಇಲ್ಲದ ಎಷ್ಟ ದಿನಾ ಅಂತ ಡಬ್ಬಿ ಮ್ಯಾಲ ಫ್ಯಾಕ್ಟರಿ ನಡಸ್ಲಿ?" ಎಂದರು.

ಆಮೇಲೆ ಗೊತ್ತಾಯಿತು: ಇನ್ನು ಮುಂದೆ ಡಬ್ಬಿ ಬೇಡ ಎಂದು ಅವರು ಕಂಡಕ್ಟರನ ಕೈಯಲ್ಲೇ ಹೇಳಿಕಳಿಸಿದ್ದರು. ಕುಡಚಿಯ ಬಸ್‌ಸ್ಟ್ಯಾಂಡಿನಲ್ಲಿ, ತುಂಬಿದ ಡಬ್ಬಿ ಕೈಯಲ್ಲಿ ಹಿಡಿದು ನಿಂತಾಗ, ಯಾರೋ ಒಬ್ಬ ಕಂಡಕ್ಟರನ ಬಾಯಿಂದ ಅವಳು ಅದನ್ನು ಕೇಳಿದಳು.

ಆ ವರ್ಷವೇ ಅವಳು ತೋಟದ ಮನೆ ಬಿಟ್ಟು ತವರಿಗೆ, ನದಿಯ ಆಚೆಯ ಸತ್ತಿ ಎಂಬ ಹಳ್ಳಿಗೆ ಹೋದಳು. ಅಲ್ಲಿ ಅವಳ ಒಡಹುಟ್ಟಿದ ತಮ್ಮನ ಎಮ್ಮೆಗಳು. ಸುದ್ದಿ ತಿಳಿದ ವಾರವೇ ನಾನು ಹೋದೆ, ಒಬ್ಬಳೇ. ಈ ಸಲ ಕರೆದುಕೊಂಡೇ ಬರಬೇಕೆಂದು ಹೋದೆ. ಹೊಳೆಯ ದಂಡೆಗೆ ಹತ್ತಿರದ ಸಣ್ಣ ಮನೆ. ಅವಳು ಸೊರಗಿದ್ದಳು. ನನಗೆ ಕುಡಿಯಲು ಮಜ್ಜಿಗೆ ಕೊಟ್ಟು ಎದುರು ಕೂತಳು.

"ಮಷೀನ ಬಂದೈತಂತಲ್ಲ," ಎಂದಳು.

"ಹೂಂ. ಅದು ಬರೀ ರಬ್ಬಿಶ್ ಅಕ್ಕಾ. ಅದರಾಗ ಏನೂ ಇಲ್ಲ."

"ಹಂಗ ಅನಬಾರದ. ಹೊಟ್ಟಿಗೆ ಅನ್ನ ಹಾಕೂದು ಅದು." ಆಮೇಲೆ ಕೇಳಿದಳು: "ಒಳಗ ಹೆಂಗೈತಿ?"

"ಎಲ್ಲಿ ಒಳಗ?"

"ವಖಾರ್ಯಾಗ. ನಾ ನೋಡೇ ಇಲ್ಲಲ್ಲ."

ನಾನು ಹೇಳಿದೆ. ಬಾಗಿಲು ದಾಟಿದ ಕೂಡಲೇ ಎಡಕ್ಕೆ ತೊಳೆಯುವ ಕಟ್ಟೆ, ನಾಲ್ಕು ನಲ್ಲಿ. ಮೇಲೆ ಸಾಗವಾನಿಯ ತೊಲೆ, ಅದರಲ್ಲಿ ಪಾರಿವಾಳ. ಬೆಳಿಗ್ಗೆ ಮೇಲಿನ ಕಿಂಡಿಯಿಂದ ಬಿಸಿಲು ಬಂದು ಬಾಟಲಿಗಳ ಮೇಲೆ ಬೀಳುತ್ತದೆ. ಬೀದಿ ಕಡೆ ಕೂತರೆ ಬೀಡಿ ಕಟ್ಟುವ ಹೆಂಗಸರು ಬುಟ್ಟಿ ಹೊತ್ತು ಹೋಗುವುದು ಕಾಣುತ್ತದೆ, ಎಲ್ಲರೂ ಒಟ್ಟಿಗೆ ಮಾತಾಡುತ್ತಾ. ಅವಳು ಕಣ್ಣು ಮುಚ್ಚಿ ಕೇಳಿದಳು. ಎಷ್ಟು ಹೆಂಗಸರು, ಏನು ಉಡುತ್ತಾರೆ, ಗಟ್ಟಿ ನಗುತ್ತಾರೇನು ಎಂದೆಲ್ಲ ಕೇಳಿದಳು.

"ಈಗರ ಬಾ ಅಕ್ಕಾ," ಎಂದೆ. "ಅತ್ಯಾನೂ ಇಲ್ಲ ಈಗ. ಯಾರೂ ತಡಿಯೂದಿಲ್ಲ."

"ಬಂದ ಏನ್ ಮಾಡ್ಲಿ ಹುಚ್ಚಿ? ಮಷೀನಕ್ಕ ಉಣಸಾಕ ನನಗ ಬರೂದಿಲ್ಲ."

"ಸುಮ್ಮನ ಕೂಡ. ನನ್ನ ಜೋಡಿ ಕೂಡ."

"ಸುಮ್ಮನ ಕೂಡೂದು ಇಲ್ಲೂ ಐತಿ," ಎಂದಳು. "ಅಲ್ಲಿ ಪಾನಕ ಮಾಡಾಕಿ ಆಗಿ ಹೋಗಬೇಕಂದಿದ್ದೆ. ನಿನ್ನ ಗಂಡನ ಅಣ್ಣನ ಹೇಣ್ತಿ ಆಗಿ ಬರೂದಿಲ್ಲ." ಅಷ್ಟು ಹೇಳಿ ಖಾಲಿ ಗಿಲಾಸು ಎತ್ತಿಕೊಂಡು ಒಳಗೆ ಹೋದಳು. ಒಳಗೆ ಬಹಳ ಹೊತ್ತು ಇದ್ದಳು. ಒಂದು ಗಿಲಾಸು ತೊಳೆಯಲು ಅಷ್ಟು ಹೊತ್ತು ಬೇಡ.

ಸಂಜೆಯ ಬಸ್ಸಿಗೆ ನನ್ನನ್ನು ಕಳಿಸಲು ರಸ್ತೆಯವರೆಗೆ ಬಂದಳು, ಬರಿಗಾಲಲ್ಲಿ, ಹಾದಿಯ ಮೇಲೆ ಮೇಯಲಿ ಎಂದು ಒಂದು ಎಮ್ಮೆಯನ್ನು ಹಗ್ಗ ಹಿಡಿದು ಹೊಡೆದುಕೊಂಡು. ನನ್ನ ಕೈಚೀಲದೊಳಗೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ತುರುಕಿದಳು. ಬೆನ್ನು ಸವರಿದಳು. ಬಸ್ಸು ಬಂದಾಗ ನನ್ನನ್ನು ಹತ್ತಿಸಿ, "ಕಿಡಕಿಗೆ ಕೂಡ, ಇಲ್ಲಾಂದ್ರ ವಾಂತಿ ಮಾಡ್ತಿ," ಎಂದು ಹೊರಗಿನಿಂದ ಕೂಗಿದಳು. ಬಸ್ಸಿನವರೆಲ್ಲ ನಕ್ಕರು. ನಾನು ಕಿಟಕಿಗೆ ಕೂತು, ಕೈ ಬೀಸೋಣವೆಂದು ಸರಳುಗಳ ನಡುವೆ ಕೈ ಹೊರಗೆ ಹಾಕಿದೆ. ಅಷ್ಟರಲ್ಲಿ ಎಮ್ಮೆ ಯಾರದೋ ಕಬ್ಬಿಗೆ ಬಾಯಿ ಹಾಕಿತ್ತು. ಅವಳು ನನಗೆ ಬೆನ್ನು ಮಾಡಿ, ಎರಡೂ ಕೈಯಿಂದ ಹಗ್ಗ ಜಗ್ಗುತ್ತಾ ಅದನ್ನು ಬೈಯುತ್ತಿದ್ದಳು. ಬಸ್ಸು ಹೊರಟಿತು.